ಹೆಂಚಿನ ಮನೆಯ ಅಡುಗೆಮನೆ: ಒಲೆ ಹಿಂದಿನ ಗೋಡೆಗೆ ಏನು ಹಾಕಿಸಲಿ?

ಕೊಪ್ಪದ ಹುಡುಗ
ಎಲ್ಲರಿಗೂ ನಮಸ್ಕಾರ. ಕೊಪ್ಪದ ಹತ್ತಿರ ಅಜ್ಜ ಕಟ್ಟಿಸಿದ ಹೆಂಚಿನ ಮನೆ ಇದೆ. ಅಮ್ಮ ಅಲ್ಲೇ ಇದ್ದಾರೆ. ನಾವು ಬೆಂಗಳೂರಿನಿಂದ ತಿಂಗಳಿಗೆ ಎರಡು ಸಲ ಹೋಗಿ ಬರುತ್ತೇವೆ. ಮಳೆ ನಿಂತ ಮೇಲೆ ಅಡುಗೆಮನೆ ರಿಪೇರಿಗೆ ಕೈ ಹಾಕಿದ್ದೇವೆ. ಹುಳ ತಿಂದ ಪಕಾಸಿ, ರೀಪು ಬದಲಿಸಿ ಹೆಂಚು ಹೊದೆಸಿ ಆಯಿತು. ಅಡುಗೆ ಕಟ್ಟೆಗೆ ಕಪ್ಪು ಗ್ರಾನೈಟ್ ಕೂರಿಸಿ ಆಯಿತು. ಈಗ ಉಳಿದಿರುವುದು ಕಟ್ಟೆ ಮೇಲಿನ ಗೋಡೆ. ಉದ್ದ 9 ಅಡಿ, ಎತ್ತರ 2 ಅಡಿ. ಎಡಗಡೆ ಗ್ಯಾಸ್ ಒಲೆ, ಬಲಗಡೆ ಸಿಂಕ್.

ಹಳೇ ಮನೆಯ ಕಳೆ ಹೋಗಬಾರದು ಅಂತ ನನಗೆ ತುಂಬಾ ಆಸೆ. ಫ್ಲ್ಯಾಟಿನ ಅಡುಗೆಮನೆಯ ಹಾಗೆ ಹೊಳೆಯುವ ದೊಡ್ಡ ಟೈಲ್ಸ್ ಬೇಡ. 4 ಇಂಚಿನ ಬಿಳಿ ಚೌಕ ಟೈಲ್ಸ್ ನೋಡಿದ್ದೇನೆ. ಅಂಚು ಸ್ವಲ್ಪ ಅಂಕುಡೊಂಕು, ಕೈಯಲ್ಲಿ ಮಾಡಿದ ಹಾಗಿದೆ. ಹೆಂಡತಿಗೆ ತಮಿಳುನಾಡಿನ ಬಣ್ಣದ ಆತಂಗುಡಿ ಟೈಲ್ಸ್ ಇಷ್ಟ. ಮೇಸ್ತ್ರಿ ಸುಮ್ನೆ 2x1 ಅಡಿಯ ಡ್ಯಾಡೋ (ಗೋಡೆಯ) ಟೈಲ್ಸ್ ಹಾಕಿ ಮುಗಿಸೋಣ ಅಂತಾರೆ. ಅಮ್ಮನನ್ನು ಕೇಳಿದರೆ "ಒರೆಸಲಿಕ್ಕೆ ಸುಲಭ ಆಗಬೇಕು ನೋಡು" ಅಂದರು, ಅಷ್ಟೇ. ಯಾರಾದರೂ ಇಂಥ ಮನೆಯಲ್ಲಿ ಮಾಡಿಸಿದ್ದೀರಾ?

ಪುತ್ತೂರಿನ ಶೈಲಾ
ಆತಂಗುಡಿ ಒಲೆ ಹಿಂದೆ ಬೇಡವೇ ಬೇಡ. ನಾವು ಹಾಕಿಸಿ ಎರಡು ವರ್ಷ ಆಯಿತು. ಮೊದಲ ತಿಂಗಳೇ ಪುನರ್ಪುಳಿ ಸಾರು ಕುದಿದು ಹಾರಿತು. ನಾನು ಸಂಜೆ ಒರೆಸಿದೆ. ಬಣ್ಣ ಹೋಯಿತು, ಆದರೆ ಹನಿ ಬಿದ್ದಲ್ಲೆಲ್ಲ ಹೊಳಪು ಸತ್ತು ಮಂಕಾದ ಚುಕ್ಕೆ ಉಳಿಯಿತು. ಅವು ಇವತ್ತಿಗೂ ಇವೆ. ಆದರೆ ಅದೇ ಟೈಲ್ಸ್ ನಮ್ಮ ಚಾವಡಿ ನೆಲದಲ್ಲಿ ಎಷ್ಟು ಚೆಂದ ಇದೆ ಗೊತ್ತಾ? ತಪ್ಪು ಟೈಲ್ಸಿನದ್ದಲ್ಲ, ಜಾಗದ್ದು.

ಧಾರವಾಡದವ
ಶೈಲಾ ಅವರು ಹೇಳಿದ್ದು ಸರಿ. ಆತಂಗುಡಿ ಸುಟ್ಟ ಟೈಲ್ಸ್ ಅಲ್ಲ. ತಮಿಳುನಾಡಿನ ಚೆಟ್ಟಿನಾಡಿನಲ್ಲಿ ಗಾಜಿನ ಹಲಗೆ ಮೇಲೆ ಬಣ್ಣ ಸುರಿದು, ಅದರ ಮೇಲೆ ಸಿಮೆಂಟು, ಮರಳು ಹಾಕಿ ಒತ್ತುತ್ತಾರೆ. ಆಮೇಲೆ ನೀರಿನಲ್ಲಿ ನೆನೆಸಿ ಒಣಗಿಸುತ್ತಾರೆ. ಗಾಜಿಗೆ ತಾಗಿದ ಮುಖ ನುಣ್ಣಗೆ ಬರುತ್ತದೆ. ಮೇಲೆ ಗಾಜಿನಂಥ ಲೇಪ ಏನೂ ಇರುವುದಿಲ್ಲ. ಹುಳಿ ನೇರವಾಗಿ ಸಿಮೆಂಟನ್ನೇ ತಿನ್ನುತ್ತದೆ. ನೆಲದ ಮೇಲೆ ಕಾಲು ಓಡಾಡಿ, ದಿನಾ ಒರೆಸಿ ಹೊಳಪು ಬರುತ್ತದೆ. ಗೋಡೆಗೆ ಆ ಭಾಗ್ಯ ಇಲ್ಲ.

ಬಾಡಿಗೆ ಮನೆ
ಅಲ್ಯೂಮಿನಿಯಂ ಸ್ಟಿಕರ್ ಶೀಟ್ ಬರುತ್ತಲ್ಲ, ಅದನ್ನು ಅಂಟಿಸಿ. ಹಾಳಾದರೆ ಕಿತ್ತು ಬೇರೆ ಅಂಟಿಸಿದರಾಯಿತು. ನಾನು ಮೂರು ಮನೆಯಲ್ಲಿ ಹಾಗೇ ಮಾಡಿದ್ದೇನೆ.

ಸಾಗರದ ಸೊಸೆ
ಬಾಡಿಗೆ ಮನೆಗೆ ಅದು ಸರಿ. ಅಜ್ಜನ ಮನೆಗೆ ಯಾಕೆ? ಅಂಚು ಎದ್ದರೆ ಹಿಂದೆ ಜಿರಲೆ ಸಂಸಾರ ಹೂಡುತ್ತದೆ.

ಕಲಬುರಗಿ ಕಲ್ಲು
ಕರ್ನಾಟಕದ್ದೇ ಕಲ್ಲು ಇರುವಾಗ ಟೈಲ್ಸ್ ಯಾಕೆ ಹುಡುಕುತ್ತೀರಿ? ನಮ್ಮ ಶಹಾಬಾದ್ ಕಲ್ಲು ನೋಡಿ. ನಮ್ಮ ಮನೆ ನೆಲ 40 ವರ್ಷದಿಂದ ಹಾಗೇ ಇದೆ. ಬಣ್ಣವೂ ತಂಪು, ಹಳೇ ಮನೆಗೆ ಒಪ್ಪುತ್ತದೆ. ಅದು ಬೇಡ ಅಂದರೆ ಕಪ್ಪು ಕಡಪ ಹಾಕಿಸಿ. ಅದು ಗ್ರಾನೈಟೇ, ಗಟ್ಟಿ.

ಧಾರವಾಡದವ
ಅಣ್ಣಾ, ಇದೊಂದನ್ನು ತಿದ್ದಲೇಬೇಕು. ಕಡಪ ಗ್ರಾನೈಟ್ ಅಲ್ಲ. ಶಹಾಬಾದ್, ಕಡಪ, ರಾಜಸ್ಥಾನದ ಕೋಟಾ, ಮೂರೂ ಸುಣ್ಣದ ಕಲ್ಲು. ಅಂಗಡಿಯಲ್ಲಿ ಕಪ್ಪಗಿದ್ದದ್ದನ್ನೆಲ್ಲ ಗ್ರಾನೈಟ್ ಅನ್ನುತ್ತಾರೆ, ಅದಕ್ಕೇ ಈ ಗೊಂದಲ. ಒಂದು ತುಂಡು ತಂದು ಅರ್ಧ ನಿಂಬೆಹಣ್ಣು ಹಿಂಡಿ ಒಂದು ಗಂಟೆ ಬಿಡಿ. ಒರೆಸಿದಾಗ ಮಂಕು ಗುರುತು ಉಳಿದರೆ ಸುಣ್ಣದ ಕಲ್ಲು. ನಿಜವಾದ ಗ್ರಾನೈಟಿಗೆ ಏನೂ ಆಗುವುದಿಲ್ಲ.

ನೆಲಕ್ಕೆ ಶಹಾಬಾದ್‌ಗೆ ಸಾಟಿ ಇಲ್ಲ, ಒಪ್ಪುತ್ತೇನೆ. ಆದರೆ ಮಲೆನಾಡಿನ ಅಡುಗೆ ಅಂದರೆ ಹುಳಿ. ವಾಟೆಹುಳಿ, ಉಪ್ಪಾಗೆ, ಮಾವಿನಕಾಯಿ, ಮಜ್ಜಿಗೆ. ಒಲೆ ಹಿಂದೆ ಸುಣ್ಣದ ಕಲ್ಲು ಇಟ್ಟರೆ ದಿನಾ ಪರೀಕ್ಷೆ.

ಕಲಬುರಗಿ ಕಲ್ಲು
ಕಡಪದ ಮಾತು ಒಪ್ಪಿದೆ, ನನಗೆ ಗೊತ್ತಿರಲಿಲ್ಲ. ಆದರೆ ನಮ್ಮ ಒಲೆ ಕಟ್ಟೆಯೂ ಶಹಾಬಾದೇ. ಮಂಕಾಗಿದೆ, ಹೌದು. ಎಲ್ಲ ಕಡೆ ಒಂದೇ ಸಮ ಮಂಕಾಗಿದೆ, ಹಾಗಾಗಿ ಕೆಟ್ಟದಾಗಿ ಕಾಣುವುದಿಲ್ಲ. ಪಾಲಿಶ್ ಇಲ್ಲದ ಕಲ್ಲು ಹಾಕಿಸಿದರೆ ಕಳೆದುಕೊಳ್ಳಲು ಹೊಳಪೇ ಇಲ್ಲ.

ಸಾಗರದ ಸೊಸೆ
ಪಾಲಿಶ್ ಇಲ್ಲದ ಕಲ್ಲು ಎಣ್ಣೆ ಕುಡಿಯುತ್ತದೆ ಅಣ್ಣ. ಹಪ್ಪಳ ಕರಿದ ಮೇಲೆ ಒರೆಸಿ ನೋಡಿ.

ಗಾರೆ ಮಂಜಣ್ಣ
ಎಲ್ಲರೂ ಮೇಲೆ ಹಾಕುವುದರ ಬಗ್ಗೆಯೇ ಮಾತಾಡುತ್ತಿದ್ದೀರಿ. ಹಿಂದಿನ ಗೋಡೆ ಯಾವುದು ಅಂತ ಒಬ್ಬರೂ ಕೇಳಲಿಲ್ಲ. 30 ವರ್ಷದಿಂದ ಗಾರೆ ಕೆಲಸ ಮಾಡುತ್ತಿದ್ದೇನೆ. ತಮ್ಮಾ, ಅದು ಇಟ್ಟಿಗೆಯಾ, ಕೆಂಪುಕಲ್ಲಾ, ಮಣ್ಣಾ?

ಕೊಪ್ಪದ ಹುಡುಗ
ಮಣ್ಣಿನ ಗೋಡೆ ಅಣ್ಣ. ಒಂದೂವರೆ ಅಡಿ ದಪ್ಪ ಇದೆ. ಮೇಲೆ ಸುಣ್ಣ. ಒಲೆ ಇರುವ ಕಡೆ ಹೊರಗೋಡೆ, ಪಡುವಣ ದಿಕ್ಕಿಗೆ.

ಗಾರೆ ಮಂಜಣ್ಣ
ಹಾಗಾದರೆ ಟೈಲ್ಸ್ ಅಂಗಡಿಗೆ ಈಗಲೇ ಹೋಗಬೇಡಿ.

ಮಣ್ಣಿನ ಗೋಡೆ ನೀರು ಎಳೆಯುತ್ತದೆ, ಬಿಡುತ್ತದೆ. ಮಳೆಗಾಲದಲ್ಲಿ ಸ್ವಲ್ಪ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಅದರ ಮೇಲೆ ಸಿಮೆಂಟ್ ಗಾರೆ ಹೊಡೆದರೆ ಸಿಮೆಂಟು ಅಲ್ಲಾಡುವುದಿಲ್ಲ, ಮಣ್ಣು ಅಲ್ಲಾಡುತ್ತದೆ. ನಡುವೆ ಬಿಟ್ಟುಕೊಳ್ಳುತ್ತದೆ. ಬೆರಳಲ್ಲಿ ಬಡಿದರೆ ಡೊಬ್ ಡೊಬ್ ಅನ್ನುತ್ತದೆ. ಒಳಗಿನ ತೇವ ಹೊರಗೆ ಬರಲು ದಾರಿ ಇಲ್ಲದೆ ಅಲ್ಲೇ ಕೂತು ಮಣ್ಣನ್ನು ಮೆತ್ತಗೆ ಮಾಡುತ್ತದೆ. ತೀರ್ಥಹಳ್ಳಿ ಕಡೆ ಒಂದು ಮನೆಯಲ್ಲಿ ಬೇರೆಯವರು ಹೀಗೆ ಟೈಲ್ಸ್ ಹಾಕಿದ್ದರು. ಎರಡನೇ ಮಳೆಗಾಲಕ್ಕೆ ಪೂರ್ತಿ ಒಂದು ಸಾಲು ಕಟ್ಟೆ ಮೇಲೆ ಬಿದ್ದಿತ್ತು. ಹಿಂದೆ ಕೈ ಹಾಕಿದರೆ ಹಸಿ ಮಣ್ಣು. ತಂತಿಯ ಮೆಶ್ ಬಡಿದು ಸಿಮೆಂಟ್ ಹೊಡೆಯಿರಿ ಅಂತ ಯಾರಾದರೂ ಹೇಳಿಯಾರು. ಮೆಶ್ ಬಿರುಕು ತಡೆಯಬಹುದು, ತೇವ ತಡೆಯುವುದಿಲ್ಲ.

ಮೊದಲು ಹೀಗೆ ಮಾಡಿ. ಒಂದು ಚದರ ಅಡಿ ಪ್ಲಾಸ್ಟಿಕ್ ಹಾಳೆ ತೆಗೆದುಕೊಂಡು ಗೋಡೆಗೆ ನಾಲ್ಕೂ ಕಡೆ ಟೇಪ್ ಹಚ್ಚಿ. ಎರಡು ದಿನ ಬಿಡಿ. ಹಾಳೆಯ ಒಳಗಡೆ, ಗೋಡೆಯ ಕಡೆ, ಹನಿ ಕಂಡರೆ ಗೋಡೆ ಇನ್ನೂ ಒಣಗಿಲ್ಲ.

ಲೀಡ್ಸ್ ಕನ್ನಡತಿ
ಮಂಜಣ್ಣ ಹೇಳಿದ್ದು ಓದಿ ಆಶ್ಚರ್ಯ ಆಯಿತು. ನಾವು ಇಂಗ್ಲೆಂಡಿನಲ್ಲಿ ಹಳೇ ಕಲ್ಲಿನ ಕಾಟೇಜಿನಲ್ಲಿ ಬಾಡಿಗೆಗೆ ಇದ್ದೇವೆ. ಇಲ್ಲಿಯದೂ ಇದೇ ಕಥೆ. ಸುಣ್ಣದ ಗಾರೆಯಲ್ಲಿ ಕಟ್ಟಿದ ದಪ್ಪ ಗೋಡೆ. ಹಿಂದೆ ಯಾರೋ ಒಳಗಡೆ ಸಿಮೆಂಟ್ ಬಳಿದಿದ್ದರು. ತೇವ ಮೇಲೇರಿ ಬೂಸ್ಟು ಹಿಡಿದು, ಕೊನೆಗೆ ಮಾಲೀಕರು ಎಲ್ಲ ಕೆತ್ತಿಸಿ ಮತ್ತೆ ಸುಣ್ಣದ ಗಾರೆ ಮಾಡಿಸಿದರು.

ಇಲ್ಲಿ ಕಾಟೇಜ್ ಅಡುಗೆಮನೆ ಅಂದರೆ ಗೋಡೆಗೆ ಮರದ ಪಟ್ಟಿ ಹೊಡೆದು ಬಣ್ಣ ಬಳಿಯುತ್ತಾರೆ, ಇಲ್ಲವೇ ಲಂಡನ್ ಮೆಟ್ರೋ ಟೈಲ್ಸ್. ಚಿತ್ರದಲ್ಲಿ ತುಂಬಾ ಮುದ್ದಾಗಿ ಕಾಣುತ್ತದೆ. ಆದರೆ ನಾನು ಸಾಸಿವೆ ಸಿಡಿಸಿದ ಮೊದಲ ವಾರವೇ ಆ ಮರದ ಪಟ್ಟಿ ಸಂದಿಯಲ್ಲೆಲ್ಲ ಎಣ್ಣೆ, ಅರಿಶಿನ. ಒಗ್ಗರಣೆ ಹಾಕುವ ಮನೆಗೆ ಅದು ಆಗುವುದಿಲ್ಲ. ಬರೀ ಚಿತ್ರ ನೋಡಿ ಆರಿಸಬೇಡಿ ಅಂತ ಹೇಳಲು ಬರೆದೆ.

ಧಾರವಾಡದವ
ಚಿಕ್ಕ ತಿದ್ದುಪಡಿ: 3x6 ಇಂಚಿನ ಆ ಬಿಳಿ ಟೈಲ್ಸ್ ಪ್ರಸಿದ್ಧಿಗೆ ಬಂದದ್ದು ನ್ಯೂಯಾರ್ಕಿನಿಂದ. 1904ರಲ್ಲಿ ಅಲ್ಲಿ ನೆಲದಡಿಯ ರೈಲು ಶುರುವಾದಾಗ ನಿಲ್ದಾಣದ ಗೋಡೆಗಳಿಗೆ ಹಾಕಿದರು. ತೊಳೆಯಲು ಸುಲಭ, ಬೆಳಕೂ ಜಾಸ್ತಿ ಅಂತ.

ಲೀಡ್ಸ್ ಕನ್ನಡತಿ
ಓ, ಹೌದಾ. ಇಲ್ಲಿ ಎಲ್ಲರೂ ಮೆಟ್ರೋ ಟೈಲ್ಸ್ ಅನ್ನುತ್ತಾರೆ, ಅದಕ್ಕೇ ಲಂಡನ್ನಿನದು ಅಂದುಕೊಂಡಿದ್ದೆ.

ಸಾಗರದ ಸೊಸೆ
ನಾನು ಒರೆಸುವವರ ಕಡೆಯಿಂದ ಮಾತಾಡುತ್ತೇನೆ. ತಮ್ಮಾ, ನೀವು ಇಷ್ಟಪಟ್ಟ 4 ಇಂಚಿನ ಟೈಲ್ಸ್ ಲೆಕ್ಕ ಹಾಕಿ. ಒಂದು ಚದರ ಅಡಿಗೆ 9 ಟೈಲ್ಸ್. ಸಂದಿ ಎಷ್ಟು ಉದ್ದ ಆಗುತ್ತದೆ? ಚದರ ಅಡಿಗೆ 6 ಅಡಿ. ನಿಮ್ಮದು 18 ಚದರ ಅಡಿ. ಅಂದರೆ 108 ಅಡಿ ಸಂದಿ. 3x6 ಹಾಕಿದರೂ ಅಷ್ಟೇ ಬರುತ್ತದೆ. ನಿಮ್ಮ ಮೇಸ್ತ್ರಿ ಹೇಳಿದ 2x1 ಹಾಕಿದರೆ ಸುಮಾರು 27 ಅಡಿ. ನಾಲ್ಕು ಪಟ್ಟು ವ್ಯತ್ಯಾಸ. ಈ ಸಂದಿಯನ್ನು ಹಳೇ ಹಲ್ಲುಜ್ಜುವ ಬ್ರಷ್ ಹಿಡಿದು ತಿಕ್ಕುವವರು ಯಾರು? ನಿಮ್ಮ ಅಮ್ಮ. ತಿಂಗಳಿಗೆ ಎರಡು ಸಲ ಬರುವ ನೀವಲ್ಲ. ಬೇಜಾರು ಮಾಡಿಕೊಳ್ಳಬೇಡಿ, ನನ್ನ ಅತ್ತೆ ಹೀಗೆ ತಿಕ್ಕುತ್ತಾ ಕೂತದ್ದನ್ನು ನೋಡಿದ್ದೇನೆ, ಅದಕ್ಕೆ ಹೇಳಿದೆ.

ಬಾಡಿಗೆ ಮನೆ
ಸಂದಿ ತುಂಬಲು ಎಪಾಕ್ಸಿ ಗ್ರೌಟ್ ಹಾಕಿಸಿದರೆ ತಿಕ್ಕುವ ಕೆಲಸವೇ ಇಲ್ಲ ಅಂತ ಕೇಳಿದ್ದೇನೆ.

ಗಾರೆ ಮಂಜಣ್ಣ
ಕಡಿಮೆ ಆಗುತ್ತದೆ, ಇಲ್ಲವೇ ಇಲ್ಲ ಅಂತಲ್ಲ. ಸಿಮೆಂಟ್ ಗ್ರೌಟ್ ನೀರು, ಎಣ್ಣೆ ಕುಡಿಯುತ್ತದೆ. ಎಪಾಕ್ಸಿ ಕುಡಿಯುವುದಿಲ್ಲ. ಬೆಲೆ ಕೆಲವು ಪಟ್ಟು ಜಾಸ್ತಿ. ಕಲಸಿದ ಮೇಲೆ ಬೇಗ ಗಟ್ಟಿಯಾಗುತ್ತದೆ, ಆಗಿಂದಾಗ ಒರೆಸಿಕೊಂಡು ಹೋಗಬೇಕು. ಬಿಟ್ಟರೆ ಟೈಲ್ಸ್ ಮೇಲೆ ಮಸುಕು ಪೊರೆ ಕೂರುತ್ತದೆ, ಆಮೇಲೆ ಬಿಡಿಸುವುದು ಕಷ್ಟ. ಹಾಕಿ ಅಭ್ಯಾಸ ಇದ್ದವರನ್ನೇ ಕರೆಸಿ.

ಪುತ್ತೂರಿನ ಶೈಲಾ
ಬಿಳಿ ಸಂದಿಗೆ ಅರಿಶಿನ ಹಿಡಿದರೆ ಗಾಬರಿ ಬೇಡ. ಬಿಸಿಲು ತಾಗುವ ಜಾಗವಾದರೆ ಕೆಲವು ದಿನದಲ್ಲಿ ತಾನಾಗಿ ಮಾಸುತ್ತದೆ. ಅರಿಶಿನದ ಬಣ್ಣ ಬಿಸಿಲಿಗೆ ನಿಲ್ಲುವುದಿಲ್ಲ. ಆದರೆ ಮಲೆನಾಡಿನ ಅಡುಗೆಮನೆಗೆ ಬಿಸಿಲು ಎಲ್ಲಿಂದ ಬರಬೇಕು?

ಕೊಪ್ಪದ ಹುಡುಗ
ಒಂದು ಕಿಟಕಿ, ಮಾಡಿನಲ್ಲಿ ಎರಡು ಗಾಜಿನ ಹೆಂಚು. ಅಷ್ಟೇ ಬೆಳಕು. 108 ಅಡಿ ಲೆಕ್ಕ ನಿಜಕ್ಕೂ ಯೋಚನೆಗೆ ಹಚ್ಚಿತು ಅಕ್ಕ, ಬೇಜಾರೇನೂ ಇಲ್ಲ. ಸಂದಿಯೇ ಇಲ್ಲದ ಹಾಗೆ ಕಟ್ಟೆಯ ಗ್ರಾನೈಟನ್ನೇ ಮೇಲಕ್ಕೂ ತಂದರೆ? ಇಲ್ಲ, ಬಿಳಿ ಗಾಜು?

ಧಾರವಾಡದವ
ಗ್ರಾನೈಟ್ ಒಳ್ಳೆಯ ಯೋಚನೆ. ಹುಳಿಗೆ ಹೆದರುವುದಿಲ್ಲ. 18 ಮಿಲಿಮೀಟರ್ ಹಲಗೆ ಚದರ ಅಡಿಗೆ ಸುಮಾರು ನಾಲ್ಕೂವರೆ ಕೆಜಿ ತೂಗುತ್ತದೆ. ಪೂರ್ತಿ 18 ಚದರ ಅಡಿಗೆ 80 ಕೆಜಿ. ಕೇಳಲು ಭಾರ ಅನ್ನಿಸಬಹುದು. ಆದರೆ ಭಾರ ಕಟ್ಟೆ ಮೇಲೆ ಕೂರುತ್ತದೆ, ಗೋಡೆಗೆ ನೇತಾಡುವುದಿಲ್ಲ. ಗೋಡೆ ಅದನ್ನು ನೆಟ್ಟಗೆ ನಿಲ್ಲಿಸಿಕೊಂಡರೆ ಸಾಕು. ಮಣ್ಣಿನ ಗೋಡೆಗೆ ಇದು ಟೈಲ್ಸಿಗಿಂತ ಮೇಲು.

ಗಾಜಾದರೆ ಕಾಯಿಸಿ ಗಟ್ಟಿ ಮಾಡಿದ ಟಫನ್ಡ್ ಗಾಜೇ ಬೇಕು, ಮಾಮೂಲಿ ಗಾಜು ಒಲೆ ಬಿಸಿಗೆ ಸೀಳುತ್ತದೆ. ಪ್ಲಗ್ಗಿನ ತೂತು ಮೊದಲೇ ಅಳೆದು ಕೊಡಬೇಕು. ಟಫನ್ ಮಾಡಿದ ಮೇಲೆ ಕತ್ತರಿಸಲು ಬರುವುದಿಲ್ಲ, ಪುಡಿಪುಡಿ ಆಗುತ್ತದೆ. ನೆಟ್ಟಗಿರದ ಮಣ್ಣಿನ ಗೋಡೆಗೆ ಗಾಜು ಕೂರಿಸುವುದು ಇನ್ನೊಂದು ತಲೆನೋವು.

ಸಾಗರದ ಸೊಸೆ
ಕಪ್ಪು ಕಟ್ಟೆ, ಕಪ್ಪು ಗೋಡೆ, ಮಲೆನಾಡಿನ ಆಷಾಢ! ಮಧ್ಯಾಹ್ನವೇ ಲೈಟ್ ಹಾಕಬೇಕು. ಕರೆಂಟ್ ಇರಬೇಕಲ್ಲ.

ಮಂಗಳೂರು ಹೆಂಚು
ವಿಷಯ ಬೇರೆ, ಕ್ಷಮಿಸಿ. ಇಳಿಸಿದ ಹಳೇ ಹೆಂಚು ಏನು ಮಾಡಿದಿರಿ? ಹಿಂಬದಿ ಮುದ್ರೆ ನೋಡಿದಿರಾ? ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದರು. ಅವರ ಹೆಸರಿನ ಹೆಂಚು ಈಗಲೂ ಹಳೇ ಮನೆಗಳಲ್ಲಿ ಸಿಗುತ್ತದೆ. ಗುಜರಿಗೆ ಕೊಡಬೇಡಿ.

ಕೊಪ್ಪದ ಹುಡುಗ
ಒಡೆದವು ಬಿಟ್ಟು ಉಳಿದದ್ದನ್ನು ಕೊಟ್ಟಿಗೆ ಪಕ್ಕ ಜೋಡಿಸಿದ್ದೇವೆ. ಮುದ್ರೆ ಇದೆ, ಪಾಚಿ ಉಜ್ಜಿ ಓದಬೇಕು. ಅದನ್ನೇ ಗೋಡೆಗೆ ಹಾಕಬಹುದಾ?

ಮಂಗಳೂರು ಹೆಂಚು
ಒಲೆ ಹಿಂದೆ ಬೇಡ. ಸುಟ್ಟ ಮಣ್ಣು ಎಣ್ಣೆ ಎಳೆಯುತ್ತದೆ, ಮೇಲೆ ಏರುತಗ್ಗು ಬೇರೆ. ಕೊಟ್ಟಿಗೆಗೇ ಹೊದೆಸಿ, ಅದರ ಕೆಲಸ ಅದು ಮಾಡಲಿ.

ಶಿವಮೊಗ್ಗದ ಚಿತ್ತಾರ
ಹಳೇ ಮನೆಯ ಕಳೆ ಬೇಕು ಅಂತೀರಿ. ಹಸೆ ಚಿತ್ತಾರ ಯಾಕೆ ಯಾರಿಗೂ ನೆನಪಾಗಲಿಲ್ಲ? ನಮ್ಮ ಕಡೆ ದೀವರ ಮನೆಗಳಲ್ಲಿ ಕೆಮ್ಮಣ್ಣು ಬಳಿದ ಗೋಡೆ ಮೇಲೆ ಅಕ್ಕಿ ಹಿಟ್ಟಿನ ಬಿಳಿಯಲ್ಲಿ, ಪುಂಡಿ ನಾರಿನ ಕುಂಚ ಹಿಡಿದು ಹೆಂಗಸರು ಬರೆಯುತ್ತಾರೆ. ಮಣ್ಣಿನ ಗೋಡೆಗೆ ಅದಕ್ಕಿಂತ ಒಪ್ಪುವುದು ಬೇರೆ ಇಲ್ಲ. ಒಲೆ ಹಿಂದೆ ಬರೆಯಿರಿ ಅನ್ನುತ್ತಿಲ್ಲ, ಅಲ್ಲಿ ನಿಲ್ಲುವುದಿಲ್ಲ. ಒಲೆ ಹಿಂದೆ ನಿಮಗೆ ಬೇಕಾದ್ದು ಹಾಕಿ, ಎದುರು ಗೋಡೆಗೆ ಬರೆಸಿ. ಬರೆಯುವವರಿಗೆ ಸರಿಯಾದ ಕೂಲಿ ಕೊಟ್ಟು ಬರೆಸಿ. ಮನೆಯ ಕಳೆ 18 ಚದರ ಅಡಿಯಲ್ಲೇ ಇರಬೇಕು ಅಂತ ಯಾಕೆ?

ಕೊಪ್ಪದ ಹುಡುಗ
ಒಂದು ವಾರದ ಮೇಲೆ ಬರೆಯುತ್ತಿದ್ದೇನೆ. ಊರಿಗೆ ಹೋಗಿದ್ದೆ.

ಪ್ಲಾಸ್ಟಿಕ್ ಹಾಳೆ ಎರಡು ಕಡೆ ಅಂಟಿಸಿದೆ. ಸಿಂಕ್ ಕಡೆ ಒಣಗಿತ್ತು. ಒಲೆ ಕಡೆ ಹಾಳೆ ಒಳಗೆ ಹನಿ! ಹೊರಗೆ ಹೋಗಿ ನೋಡಿದರೆ ಅಲ್ಲಿ ಸೂರು ತುಂಬಾ ಗಿಡ್ಡ. ಅಪ್ಪ ಇದ್ದಾಗ ಪ್ರತಿ ವರ್ಷ ಮಳೆಗೆ ಮೊದಲು ಆ ಗೋಡೆಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದರು. ಅವರು ಹೋದ ಮೇಲೆ ನಾಲ್ಕು ಮಳೆಗಾಲ ಯಾರೂ ಕಟ್ಟಿಲ್ಲ. ನನಗೆ ಅದು ನೆನಪೇ ಇರಲಿಲ್ಲ. ನೋಡುತ್ತಾ ನಿಂತಾಗ ಅಮ್ಮನೇ ಹೇಳಿದರು. ಈಗ ಸೂರನ್ನು ಎರಡು ಅಡಿ ಮುಂದಕ್ಕೆ ತರಲು ಬಡಗಿಗೆ ಹೇಳಿದ್ದೇನೆ.

ಆಮೇಲೆ ಅಮ್ಮನ ಜೊತೆ ಕೂತು ಸರಿಯಾಗಿ ಕೇಳಿದೆ. ಕಪ್ಪು ಗ್ರಾನೈಟ್ ತುಂಡು, 4 ಇಂಚಿನ ಬಿಳಿ, 2x1 ಬಿಳಿ, ಆತಂಗುಡಿ, ನಾಲ್ಕನ್ನೂ ಅವರ ಮುಂದೆ ಇಟ್ಟೆ. ಅವರು ಎಲ್ಲದರ ಮೇಲೂ ಎಣ್ಣೆ ಕೈ ಒತ್ತಿದರು. ಕಪ್ಪು ಕಲ್ಲನ್ನು ಪಕ್ಕಕ್ಕೆ ಸರಿಸಿ, "ಇದರಲ್ಲಿ ನನಗೆ ಕೊಳೆ ಕಾಣುವುದಿಲ್ಲ. ಕೈಗೆ ಅಂಟಿದ ಮೇಲೇ ಗೊತ್ತಾಗುವುದು. ಬಿಳಿಯಲ್ಲಿ ಕಾಣುತ್ತದೆ, ಕಂಡರೆ ಒರೆಸಬಹುದು" ಅಂದರು. ಅವರಿಗೆ ಕಣ್ಣಿನ ಪೊರೆ ಬಂದಿದೆ, ಆಪರೇಷನ್ ಆಗಬೇಕು. ಅಡುಗೆಮನೆಯಲ್ಲಿ ಅವರಿಗೆ ಎಷ್ಟು ಕಾಣುತ್ತದೆ ಅಂತ ನಾನು ಇಷ್ಟು ದಿನ ಯೋಚಿಸಿಯೇ ಇರಲಿಲ್ಲ.

ಅವರು ಮುಟ್ಟಿ ಆರಿಸಿದ್ದು 2x1 ಬಿಳಿ. ಹೊಳಪಿಲ್ಲದ ಸಾದಾ ಬಿಳಿ, ಹೂವಿಲ್ಲ, ಗೆರೆಯಿಲ್ಲ. ಒಲೆ ಹಿಂದೆ 4 ಅಡಿ ಅಗಲ ಮಾತ್ರ. ನಾಲ್ಕೇ ಟೈಲ್ಸ್. ಸಾಗರದ ಅಕ್ಕ, ಸಂದಿ ಲೆಕ್ಕ ಹಾಕಿದೆ: ಒಟ್ಟು 6 ಅಡಿ.

ಉಳಿದ 5 ಅಡಿಗೆ ಸುಣ್ಣದ ಗಾರೆ. ಸಿಂಕ್ ಹಿಂದೆ ಕಟ್ಟೆಯ ಗ್ರಾನೈಟಿನದೇ 6 ಇಂಚಿನ ಪಟ್ಟಿ. ಹೆಂಡತಿಯ ಆತಂಗುಡಿ ಜಗಲಿ ನೆಲಕ್ಕೆ ಹೋಗುತ್ತದೆ, ಅವಳೂ ಖುಷಿ. ಮಂಜಣ್ಣ, ಈ ನಾಲ್ಕು ಟೈಲ್ಸ್ ಮಣ್ಣಿನ ಗೋಡೆಗೆ ಹೇಗೆ ನಿಲ್ಲಿಸುವುದು?

ಗಾರೆ ಮಂಜಣ್ಣ
ಗೋಡೆಗೆ ನೇರ ಅಂಟಿಸಬೇಡಿ. ಸೂರು ಸರಿಮಾಡಿ ಒಂದು ತಿಂಗಳು ಒಣಗಲು ಬಿಡಿ. ಮತ್ತೆ ಹಾಳೆ ಅಂಟಿಸಿ ನೋಡಿ. ಆಮೇಲೆ ಗೋಡೆಯಲ್ಲಿ ಮರದ ಗೂಟ ಕೂರಿಸಿ, ಸುತ್ತ ಸುಣ್ಣದ ಗಾರೆ ತುಂಬಿ. ಬರೀ ಮಣ್ಣಿಗೆ ಸ್ಕ್ರೂ ಹಿಡಿಯುವುದಿಲ್ಲ. ಗೂಟಕ್ಕೆ ಒಂದು ಇಂಚಿನ ಮರದ ಪಟ್ಟಿ, ಪಟ್ಟಿಗೆ ಸಿಮೆಂಟ್ ಶೀಟ್. ಶೀಟಿನ ಬುಡ ಕಟ್ಟೆ ಮೇಲೆ ಕೂರಲಿ. ಶೀಟಿಗೆ ಆಡ್ಹೆಸಿವ್ ಹಾಕಿ ಟೈಲ್ಸ್. ಹಿಂದೆ ಒಂದು ಇಂಚು ಗಾಳಿ ಆಡುತ್ತದೆ, ಗೋಡೆ ತನ್ನ ಪಾಡಿಗೆ ಉಸಿರಾಡುತ್ತದೆ. ಕಟ್ಟೆಗೂ ಟೈಲ್ಸಿಗೂ ಮಧ್ಯೆ ಗ್ರೌಟ್ ಬೇಡ, ಸಿಲಿಕಾನ್ ಹಾಕಿ. ಅಲ್ಲಿ ಯಾವಾಗಲೂ ಬಿರುಕು ಬರುತ್ತದೆ.

ಸಾಗರದ ಸೊಸೆ
ಒಂದು ಇಂಚು ಸಂದಿ ಅಂದರೆ ಜಿರಲೆಗೆ ಮನೆ ಕಟ್ಟಿಕೊಟ್ಟ ಹಾಗೆ ಅಲ್ವಾ ಮಂಜಣ್ಣ? ಇದನ್ನು ನಾನು ಒಪ್ಪುವುದಿಲ್ಲ.

ಗಾರೆ ಮಂಜಣ್ಣ
ಮೇಲೆ, ಪಕ್ಕ ಸಣ್ಣ ಕಣ್ಣಿನ ಸ್ಟೀಲ್ ಜಾಳಿಗೆ ಮಡಚಿ ಹೊಡೆಯುತ್ತೇವೆ ತಾಯಿ. ಗಾಳಿ ಹೋಗುತ್ತದೆ, ಜಿರಲೆ ಹೋಗುವುದಿಲ್ಲ.

ಸಾಗರದ ಸೊಸೆ
ಮೇಲಿನ ಜಾಳಿಗೆಗೆ ಎಣ್ಣೆ ಜಿಡ್ಡು ಕಟ್ಟುತ್ತದೆ. ಬಿಚ್ಚಿ ತೊಳೆಯುವ ಹಾಗೆ ಸ್ಕ್ರೂನಲ್ಲಿ ಕೂರಿಸಿ. ಆಗ ಒಪ್ಪುತ್ತೇನೆ.

ಗಾರೆ ಮಂಜಣ್ಣ
ಅದು ಒಳ್ಳೆ ಮಾತು. ಹಾಗೇ ಮಾಡಿಸಿ ತಮ್ಮಾ.

ಕಲಬುರಗಿ ಕಲ್ಲು
ಜಗಲಿಗೆ ಆತಂಗುಡಿ ಆಯಿತು. ಅಂಗಳಕ್ಕೆ ಇಳಿಯುವ ಮೆಟ್ಟಿಲಿಗಾದರೂ ನಮ್ಮ ಶಹಾಬಾದ್ ಹಾಕಿಸಿ!

ಕೊಪ್ಪದ ಹುಡುಗ
ಖಂಡಿತ ಅಣ್ಣ, ಪಾಲಿಶ್ ಇಲ್ಲದ್ದೇ ಹಾಕಿಸುತ್ತೇನೆ, ಮಳೆಗೆ ಜಾರಬಾರದು. ಕೊನೆಗೊಂದು ಪ್ರಶ್ನೆ. ಒಗ್ಗರಣೆ ಸೌಟು ಇಷ್ಟು ವರ್ಷ ಒಲೆ ಹಿಂದಿನ ಮೊಳೆಗೇ ನೇತಾಡುತ್ತಿತ್ತು. ಅಮ್ಮನಿಗೆ ಅದು ಅಲ್ಲೇ ಬೇಕಂತೆ. ಟೈಲ್ಸಿಗೆ ತೂತು ಕೊರೆಯಬಹುದಾ?

ಗಾರೆ ಮಂಜಣ್ಣ
ಟೈಲ್ಸಿಗೆ ಬೇಡ. ಶೀಟಿನ ಮೇಲುಗಡೆ ಮರದ ಪಟ್ಟಿ ಎರಡು ಇಂಚು ಹೊರಗೆ ಕಾಣುವ ಹಾಗೆ ಬಿಡಿಸಿ. ಮೊಳೆ ಅದಕ್ಕೆ ಹೊಡೆಯಿರಿ. ಹೊಡೆಯುವ ಮೊದಲು ಅಮ್ಮನನ್ನು ಒಲೆ ಮುಂದೆ ನಿಲ್ಲಿಸಿ, ಅವರ ಕೈ ಎಲ್ಲಿಗೆ ಎಟಕುತ್ತದೆ ಅಂತ ಗುರುತು ಹಾಕಿಕೊಳ್ಳಿ.